ಚೌಕದ ಮೇಲಿನ ಮೀನಿನ ಬಲೆ

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಆಯಿ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಎದ್ದು ಮುಖ ತೊಳೆದು ವಿಭೂತಿ ಹಚ್ಚಿಕೊಂಡವಳೇ ಅವಳು ಹೊಲದಲ್ಲಿ ಕಳೆ ತೆಗೆದು ಸವೆದಿದ್ದ ಹಳೆಯ ಕುರ್ಚಿಗಿಯೊಂದನ್ನು ಹಿಡಿದು ಪಡಸಾಲೆಯ ನೆಲ ಕೆರೆಯಲು ಕುಳಿತುಬಿಡುತ್ತಿದ್ದಳು. ರಾತ್ರಿಯೆಲ್ಲ ಮೇಲಿನ ತೊಲೆಗಳ ಮೇಲೆ ಮಲಗಿದ ಪಾರಿವಾಳಗಳು ಬೆಳಗಾಗುವುದರೊಳಗೆ ನೆಲದ ತುಂಬ ಹಿಕ್ಕೆ ಹಾಕಿರುತ್ತಿದ್ದವು. ಒಣಗಿದ್ದನ್ನು ಕೆರೆಯಬೇಕು, ಹಸಿಯಿದ್ದುದರ ಮೇಲೆ ಬೂದಿ ಚೆಲ್ಲಬೇಕು, ಆಮೇಲೆ ಎಲ್ಲವನ್ನೂ ಗುಡಿಸಿ ಸಗಣಿ ಸಾರಿಸಬೇಕು. ಆ ಕರ್ ಕರ್ ಸದ್ದಿಗೇ ನನಗೆ ದಿನವೂ ಎಚ್ಚರವಾಗುತ್ತಿತ್ತು.

ಆ ಶನಿವಾರವೂ ಹಾಗೆಯೇ ಎಚ್ಚರವಾಯಿತು. ಆಷಾಢದ ಕೊನೆಯ ದಿನಗಳು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒದ್ದೆ ಕಟ್ಟಿಗೆಯ ಹೊಗೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಸಿಸ್ಟರ್‌ಗಳು ನಡೆಸುತ್ತಿದ್ದ ಶಾಲೆಗೆ ಹೋಗುತ್ತಿದ್ದೆ. ಅಲ್ಲಿ ಶನಿವಾರ ಎಲ್ಲವೂ ಬಿಳಿಯೇ ಆಗಬೇಕು: ಬಿಳಿ ಲಂಗ, ಬಿಳಿ ರಿಬ್ಬನ್, ಬಿಳಿ ಕ್ಯಾನ್ವಾಸ್ ಬೂಟು. ಅಕ್ಕ ನನ್ನ ಎರಡು ಜಡೆಗಳನ್ನು ಮಡಚಿ ಕಿವಿಯ ಹತ್ತಿರ ಕಟ್ಟುತ್ತಿದ್ದರೆ, ನಾನು ಒದ್ದೆ ಸೀಮೆಸುಣ್ಣದಿಂದ ಬೂಟಿನ ಕಲೆಗಳನ್ನು ಮುಚ್ಚುತ್ತಿದ್ದೆ. ಸೀಮೆಸುಣ್ಣ ಒಣಗಿದರೆ ಬೂಟು ಹೊಸದರಂತೆ ಕಾಣುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಉದುರಿಹೋಗುತ್ತಿತ್ತು, ಅದು ಬೇರೆ ಮಾತು.

ಆಗ ಬೈಲಹೊಂಗಲದಲ್ಲಿ ನಮ್ಮದು ಚಪ್ಪಟೆ ಚಾವಣಿಯ, ಮಣ್ಣಿನ ಮಾಳಿಗೆಯ ಮನೆ. ಮೊಳ ದಪ್ಪದ ಗೋಡೆ. ಮನೆಯ ನಟ್ಟನಡುವೆ ಆಕಾಶಕ್ಕೆ ತೆರೆದ ಚೌಕ, ಅಂದರೆ ಮನೆಯೊಳಗಿನ ಪುಟ್ಟ ಅಂಗಳ. ಬಿಸಿಲು, ಮಳೆ, ಬೆಳದಿಂಗಳು ಎಲ್ಲ ಅಲ್ಲಿಂದಲೇ ನಮ್ಮ ಮನೆಗೆ ಬರುತ್ತಿದ್ದವು. ಚೌಕದ ಪಕ್ಕಕ್ಕೆ ಕಂಬಗಳ ಪಡಸಾಲೆ. ಅದರ ಮಾಳಿಗೆಯನ್ನು ಹೊತ್ತ ತೊಲೆಗಳು ಎಷ್ಟು ಅಗಲವಿದ್ದವೆಂದರೆ ಬೆಕ್ಕೊಂದು ಕೈಕಾಲು ಚಾಚಿ ಮಲಗಬಹುದಿತ್ತು. ಪಾರಿವಾಳಗಳಿಗೆ ಇನ್ನೇನು ಬೇಕು? ಬೀದಿಯ ಬಾಗಿಲಿನಿಂದ ಅವು ಎಂದೂ ಬರುತ್ತಿರಲಿಲ್ಲ. ಸಂಜೆಯಾದರೆ ಒಂದೊಂದಾಗಿ ಚೌಕದಿಂದ ಇಳಿದು, ತಮ್ಮ ತಮ್ಮ ತೊಲೆ ಹಿಡಿದು ಕುಳಿತು, ಊಟ ಹೆಚ್ಚಾದ ಹಿರಿಯರ ಹಾಗೆ ಗುಟುರು ಹಾಕುತ್ತಿದ್ದವು.

ಅಪ್ಪ ಅವನ್ನು ಓಡಿಸಲು ಮಾಡದ ಉಪಾಯವಿಲ್ಲ. ತೊಲೆಗೆ ಡಬ್ಬಿಯ ಮುಚ್ಚಳಗಳನ್ನು ಕಟ್ಟಿದ. ಗಾಳಿಗೆ ಅವು ಬಡಿದಾಡಿ ನಮಗೇ ನಿದ್ದೆಯಿಲ್ಲದಂತಾಯಿತು, ಪಾರಿವಾಳಗಳು ಕದಲಲಿಲ್ಲ. ಒಡೆದ ಕನ್ನಡಿ ತೂಗುಹಾಕಿದ. ಪಾರಿವಾಳವೊಂದು ಅದರ ಮುಂದೆ ಕುಳಿತು ಕತ್ತು ಕೊಂಕಿಸಿ ಕೊಂಕಿಸಿ ತನ್ನನ್ನೇ ನೋಡಿಕೊಂಡಿತು. ಕೊನೆಗೆ ಕರೀ ಕೊಡೆಯೊಂದನ್ನು ಬಿಚ್ಚಿ ತಲೆಕೆಳಗಾಗಿ ಕಟ್ಟಿದ, ಹದ್ದೆಂದು ಹೆದರಲಿ ಎಂದು. ಮೂರನೆಯ ದಿನ ಒಂದು ಜೋಡಿ ಅದರೊಳಗೇ ಕಡ್ಡಿ ತಂದು ಹಾಕತೊಡಗಿತು. ಅಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತರೆ, ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಅಪ್ಪನಿಗೆ ಅಷ್ಟು ಅವಸರವಾಗಲು ಕಾರಣವಿತ್ತು. ಪ್ರತಿ ವರ್ಷ ಶ್ರಾವಣ ಮಾಸವಿಡೀ ಸಂಜೆ ಹೊತ್ತು ನಮ್ಮ ಪಡಸಾಲೆಯಲ್ಲಿ ಪುರಾಣ ಓದುತ್ತಿದ್ದರು. ಓಣಿಯವರೆಲ್ಲ ಬಂದು ಕೂಡುತ್ತಿದ್ದರು. ಹಿಂದಿನ ವರ್ಷ ಓದುತ್ತಿದ್ದ ಹಿರಿಯರ ಕನ್ನಡಕದ ಮೇಲೆಯೇ ಒಂದು ಪಾರಿವಾಳ ಹಿಕ್ಕೆ ಹಾಕಿಬಿಟ್ಟಿತ್ತು. ಅವರೇನೋ ಸಿಟ್ಟಾಗಲಿಲ್ಲ, ಶಲ್ಯದ ತುದಿಯಿಂದ ಒರೆಸಿಕೊಂಡು ಮುಂದಿನ ಸಾಲು ಓದಿದರು. ಆದರೆ ಓಣಿಗೆ ಓಣಿಯೇ ನಕ್ಕಿತ್ತು. ಆ ನಗು ಅಪ್ಪನಿಗೆ ವರ್ಷವಿಡೀ ಚುಚ್ಚಿತ್ತು. ಈ ಸಲ ಸೋಮವಾರದಿಂದ ಪುರಾಣ ಶುರು. ಉಳಿದಿದ್ದು ಎರಡೇ ದಿನ.

ಆ ವಾರ ಯಾವುದೋ ಕಾಗದಪತ್ರದ ಕೆಲಸಕ್ಕೆ ಸವದತ್ತಿಗೆ ಹೋಗಿದ್ದ ಅಪ್ಪ, ಬರುವಾಗ ಬಸ್ಸಿನ ಮೇಲೆ ಒಂದು ದೊಡ್ಡ ಗೋಣಿಚೀಲ ಹಾಕಿಕೊಂಡು ಬಂದಿದ್ದ. ಅದರಲ್ಲಿದ್ದುದು ಬಲೆ. ಅಲ್ಲಿ ಅಣೆಕಟ್ಟಿನ ನೀರಿನಲ್ಲಿ ಮೀನು ಹಿಡಿಯುವವರಿಂದ ತಂದ ಹಳೆಯ ಬಲೆ. ಚೌಕದ ಮೇಲೆ ಅದನ್ನು ಹಾಸಿ ಕಟ್ಟಿಬಿಟ್ಟರೆ ಪಾರಿವಾಳಗಳ ದಾರಿಯೇ ಬಂದ್. ನಮ್ಮದು ಪೂಜೆಯಿಲ್ಲದೆ ನೀರೂ ಕುಡಿಯದ ಆಯಿಯ ಮನೆ. ಬಲೆ ಎಲ್ಲಿಯದೆಂದು ಅಪ್ಪ ಅವಳಿಗೆ ಹೇಳಲಿಲ್ಲ. ನನಗೂ ಅಕ್ಕನಿಗೂ ಬಾಯಿ ಬಿಡಬಾರದೆಂದು ಹೇಳಿ, ಬಾವಿಯ ಹತ್ತಿರ ಕೂತು ಮೂರು ಸಲ ಸಾಬೂನು ಹಾಕಿ ತೊಳೆದ. ಆಮೇಲೆ ಮೂಸಿ ನೋಡಿದ. ಅಕ್ಕನಿಗೂ ಮೂಸಿಸಿದ. ನನಗೂ ಮೂಸಿಸಿದ.

"ಏನರೆ ವಾಸನಿ ಬರತೈತೇನ?"

"ಸಬಕಾರದ ವಾಸನಿ ಬರತೈತಪ್ಪ," ಎಂದೆವು.

ನಮ್ಮ ಮನೆಯಲ್ಲಿ ಯಾರೂ ಹುಟ್ಟಿದಾಗಿನಿಂದ ಮೀನು ಮೂಸಿದವರಲ್ಲ. ಮೀನಿನ ವಾಸನೆ ಹೇಗಿರುತ್ತದೆ ಎಂದೇ ಗೊತ್ತಿಲ್ಲದವರು, ಅದು ಹೋಯಿತೋ ಇಲ್ಲವೋ ಎಂದು ಹೇಗೆ ಹೇಳಬೇಕು?

ಇನ್ನು ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಶುಕ್ರವಾರ ಸಂಜೆ ಅಪ್ಪ ಏಣಿ ಹಚ್ಚಿ ನನ್ನನ್ನು ಕರೆದ. ಏಣಿಯ ಮೇಲಿನ ಮೆಟ್ಟಿಲುಗಳಿಗೆ ಹುಳು ಹಿಡಿದಿತ್ತು, ನನ್ನಷ್ಟು ಹಗುರಾದವರು ಮಾತ್ರ ಅಲ್ಲಿ ಕಾಲಿಡಬಹುದಿತ್ತು. "ತಂಗಿ, ತೊಲಿ ಮ್ಯಾಲ ಎಲ್ಲೆರೆ ಗೂಡು ಐತೇನ ನೋಡವಾ. ಬರೋಬ್ಬರಿ ನೋಡು," ಎಂದ. ನಾನು ಹತ್ತಿದೆ. ಮೂರನೆಯ ತೊಲೆ ಗೋಡೆಗೆ ಸೇರುವ ಮೂಲೆಯಲ್ಲಿ ನಾಲ್ಕು ಕಡ್ಡಿಗಳ ಗೂಡು. ಅದರಲ್ಲಿ ಎರಡು ಮರಿ. ಚೆಂದವೇನೂ ಇರಲಿಲ್ಲ. ಮೈಮೇಲೆ ಹಳದಿ ತುಪ್ಪಳ, ಮುಖಕ್ಕೆ ಮೀರಿದ ಕೊಕ್ಕು. ಬೆರಳ ತುದಿಯಿಂದ ಮುಟ್ಟಿದೆ. ಆಗಷ್ಟೇ ಹೆಂಚಿನಿಂದ ತೆಗೆದ ರೊಟ್ಟಿಯಷ್ಟು ಬಿಸಿಯಾಗಿದ್ದವು. ಎರಡೂ ಒಟ್ಟಿಗೆ ಬಾಯಿ ತೆರೆದವು.

ಹಿಂದಿನ ವರ್ಷ ಬೇಸಿಗೆಯಲ್ಲಿ ಒಂದು ಗೂಡು ತೆಗೆಯುವಾಗ ಎರಡು ತತ್ತಿ ಜಾರಿ ಬಿದ್ದು ಒಡೆದಿದ್ದವು. ಆಯಿ ಆ ಕಲೆಯನ್ನು ಸಾರಿಸಿ ತೆಗೆದಿದ್ದಳು, ನನ್ನ ಕಣ್ಣಿನಿಂದ ಅದು ಹೋಗಿರಲಿಲ್ಲ. ಹೇಳಿದರೆ ಈ ಮರಿಗಳಿಗೂ ಅದೇ ಗತಿ ಎನಿಸಿತು.

"ಏನೂ ಇಲ್ಲಪ್ಪ," ಎಂದು ಇಳಿದುಬಿಟ್ಟೆ.

ಶನಿವಾರ ಶಾಲೆ ಅರ್ಧ ದಿನ. ನಾನು ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ಅಪ್ಪ ಮತ್ತು ಅಕ್ಕ ಬಲೆ ಕಟ್ಟಿ ಮುಗಿಸಿದ್ದರು. ಮಾಳಿಗೆಯ ಅಂಚಿನ ಹಲಗೆಗೆ ಸುತ್ತಲೂ ಮೊಳೆ ಹೊಡೆದು, ಅವಕ್ಕೆ ಗಂಟು ಹಾಕಿ ಬಿಗಿದಿದ್ದರು. ಚೌಕದಲ್ಲಿ ನಿಂತರೆ ಮೋಡದ ಆಕಾಶ ಬಲೆಯೊಳಗಿಂದ ಸಣ್ಣ ಸಣ್ಣ ಚೌಕಳಿಯಾಗಿ ಕಾಣುತ್ತಿತ್ತು. ಅಪ್ಪ ಗೆದ್ದ ಪೈಲ್ವಾನನ ಹಾಗೆ ತೂಗುಮಂಚದ ಮೇಲೆ ಕುಳಿತಿದ್ದ. ಆಯಿ ನಾಳೆಯಿಂದ ಕುರ್ಚಿಗಿ ಹಿಡಿದು ನೆಲ ಕೆರೆಯುವ ಕೆಲಸವಿಲ್ಲವೆಂದು ಮೊಣಕಾಲು ನೀವಿಕೊಳ್ಳುತ್ತಿದ್ದಳು. ಎಲ್ಲರಿಗೂ ಸಂತೋಷ. ನಾನು ತಲೆಯೆತ್ತಿ ನೋಡಿದೆ. ಬಲೆಯ ಆಚೆ, ಮಾಳಿಗೆಯ ಅಂಚಿನ ಮೇಲೆ ಒಂದು ಪಾರಿವಾಳ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆದಾಡುತ್ತಿತ್ತು. ನಡುನಡುವೆ ನಿಂತು, ಕತ್ತು ಬಗ್ಗಿಸಿ ಒಳಗೆ ನೋಡುತ್ತಿತ್ತು.

ಮರಿಗಳು ಒಳಗೆ, ತಾಯಿ ಹೊರಗೆ. ಬಲೆ ಕಟ್ಟಿದರೆ ಹೀಗಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ! ಗೂಡು ಉಳಿದರೆ ಸಾಕು, ಮರಿ ಉಳಿಯುತ್ತವೆ ಎಂದುಕೊಂಡಿದ್ದೆ. ಊಟಕ್ಕೆ ಕುಳಿತು ರೊಟ್ಟಿಯನ್ನು ಚೂರು ಚೂರು ಮಾಡುತ್ತಿದ್ದೆ. ಈಗ ಹೇಳಿದರೆ ಸುಳ್ಳು ಹೇಳಿದ್ದು ಗೊತ್ತಾಗುತ್ತದೆ. ಹೇಳದಿದ್ದರೆ ಮರಿಗಳು ಹಸಿದು ಸಾಯುತ್ತವೆ. ಮೂರನೆಯ ತೊಲೆಯ ಮೂಲೆಯಿಂದ ಚೀಂ ಚೀಂ ಎಂಬ ಸಣ್ಣ ಸದ್ದು ನನ್ನ ಕಿವಿಗೆ ಮಾತ್ರ ಕೇಳುತ್ತಿತ್ತೋ, ಎಲ್ಲರಿಗೂ ಕೇಳುತ್ತಿತ್ತೋ ತಿಳಿಯದೆ, ನಾನು ಸುಮ್ಮಸುಮ್ಮನೆ ತಾಟು ಸದ್ದು ಮಾಡಿದೆ.

ಊಟವಾಗುವಷ್ಟರಲ್ಲಿ ಮಳೆ ನಿಂತು ಚುರುಕು ಬಿಸಿಲು ಬಿತ್ತು. ಒದ್ದೆ ಬಲೆಯಿಂದ ಆವಿಯೆದ್ದಿತು. ಅದರ ಜೊತೆಗೇ ಮೊದಲ ಬೆಕ್ಕು ಬಂತು. ಮಾಳಿಗೆಯ ಅಂಚಿಗೆ ಕುಳಿತು ಮೂಗು ಅರಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಕಾಗೆಗಳೂ ಸೇರಿಕೊಂಡವು. ಒಂದು ಬೂದು ಬಣ್ಣದ ಬೆಕ್ಕು ಬಲೆಯ ಮೇಲೇ ಇಳಿದು, ತೊಟ್ಟಿಲಲ್ಲಿ ಕೂತಂತೆ ಜೋಲಾಡುತ್ತ, ಅದರ ಗಂಟುಗಳನ್ನು ನೆಕ್ಕತೊಡಗಿತು.

ಆಯಿ ಹಣೆಗೆ ಕೈಯಡ್ಡ ಹಿಡಿದು ಮೇಲೆ ನೋಡಿದಳು. "ಏನಿದು, ನಮ್ಮನಿ ಮ್ಯಾಲ ಬೆಕ್ಕಿನ ಸಂತಿ ಕೂಡೇತಿ?" ಆಮೇಲೆ ಅವಳ ಮೂಗೂ ಅರಳಿತು. "ಅಲ್ಲಲೇ ತಮ್ಮಾ, ಈ ಬಲಿ ಎಲ್ಲೀದು?"

"ಸವದತ್ತೀದವಾ," ಎಂದ ಅಪ್ಪ ತೂಗುಮಂಚದ ಸರಪಳಿಯನ್ನು ನೋಡುತ್ತ.

"ಸವದತ್ತ್ಯಾಗ ಯಾರ ಕಡಿಂದ ತಂದಿ?"

"ಯಾರೋ ಕೊಟ್ರು."

"ಆ ಯಾರೋ ಅದರಾಗ ಏನ ಹಿಡೀತಿದ್ರು?"

"ಮೂರ ಸರತೆ ತೊಳದಾರ ಬಿಡ ಆಯಿ," ಎಂದು ಅಪ್ಪನ ಬೆಂಬಲಕ್ಕೆ ಬಂದ ಅಕ್ಕ ಎಲ್ಲವನ್ನೂ ಬಯಲು ಮಾಡಿದಳು.

"ಅಯ್ಯ ಶಿವನ! ಸೋಮವಾರ ಪುರಾಣ ಹಚ್ಚೂ ಮನಿ ಮ್ಯಾಲ ಮೀನಿನ ಬಲಿ ಹೊಚ್ಚೀಯಲ್ಲೋ! ನಿನ್ನ ಬುದ್ಧಿಗೆ ಏನಂತೀನಿ," ಎಂದು ಆಯಿ ಹಣೆ ಬಡಿದುಕೊಂಡಳು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಪಾರವಾಳ ಓಡಿಸಾಕ ಹೋಗಿ ಊರ ಬೆಕ್ಕಿಗೆಲ್ಲ ಊಟಕ್ಕ ಹೇಳೀರಿ ನೋಡ್ರಿ," ಎಂದಳು. ಅಪ್ಪನಿಗೂ ನಗು ಬಂದಿರಬೇಕು, ಮೀಸೆ ಅಲುಗಿತು.

ನನಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಆ ಹೊತ್ತಿಗೆ ನಾನು ಬೇರೆಯದನ್ನು ನೋಡುತ್ತಿದ್ದೆ. ಕಿವಿ ಹರಿದ ಒಂದು ಗಂಡುಬೆಕ್ಕು ಬಲೆಯನ್ನು ಬಿಟ್ಟು ಮಾಳಿಗೆಯ ಅಂಚಿನಲ್ಲಿ ಸುಮ್ಮನೆ ಕುಳಿತಿತ್ತು. ಅದರ ಕಿವಿಗಳು ಪಡಸಾಲೆಯ ಕಡೆಗೆ ತಿರುಗಿದ್ದವು. ಅದು ಮೂಸುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಎರಡು ಮೊಳೆಗಳ ನಡುವಿನ ಸಡಿಲು ಜಾಗದಲ್ಲಿ ತಲೆ ತೂರಿಸಿತು, ಹೊಟ್ಟೆ ಒಳಗೆಳೆದುಕೊಂಡು ನುಸುಳಿತು, ಕಂಬದ ತಲೆಯ ಮೇಲೆ ಕಾಲೂರಿ ಮೊದಲನೆಯ ತೊಲೆಗೆ ಬಂತು. ಅಲ್ಲಿಂದ ಎರಡನೆಯದಕ್ಕೆ.

"ಅಪ್ಪಾ! ಮರಿ! ಮರಿ ಅದಾವಪ್ಪ ಅಲ್ಲಿ!"

ಅಷ್ಟು ಜೋರಾಗಿ ನಾನು ಎಂದೂ ಕೂಗಿರಲಿಲ್ಲ. ಅಪ್ಪ ಎದ್ದ ರಭಸಕ್ಕೆ ತೂಗುಮಂಚ ಹಿಂದಿನ ಗೋಡೆಗೆ ಬಡಿಯಿತು. ಅಕ್ಕ ತಾಟು ಹಿಡಿದು ಸೌಟಿನಿಂದ ಬಾರಿಸಿದಳು. ಅವ್ವ ಕೈಯಲ್ಲಿದ್ದ ಚೊಂಬಿನ ನೀರನ್ನು ಎತ್ತಿ ಎರಚಿದಳು, ಅದು ಬೆಕ್ಕಿನ ಬದಲು ಅಪ್ಪನ ಮೇಲೆ ಬಿತ್ತು. ಬೆಕ್ಕು ಮೂರನೆಯ ತೊಲೆಗೆ ಹಾರಲೆಂದು ಮೈ ಮುದುಡಿದ್ದೇ ತಡ, ಆಯಿ ಬಾಗಿಲ ಹಿಂದಿನ ಗಳವನ್ನು ತೆಗೆದು ತೊಲೆಗೆ ಫಟ್ಟನೆ ಹೊಡೆದಳು. ಬೆಕ್ಕು ದಿಕ್ಕೆಟ್ಟು ಚೌಕದ ಹಾಸುಗಲ್ಲಿಗೆ ಧುಮುಕಿ, ಜಾರಿ, ಎಲ್ಲರ ಕಾಲುಗಳ ನಡುವಿನಿಂದ ಬೀದಿಗೆ ಓಡಿಹೋಯಿತು.

ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಆಗ ಎಲ್ಲರಿಗೂ ಕೇಳಿಸಿತು, ಮೂಲೆಯ ಚೀಂ ಚೀಂ.

ಅಪ್ಪ ಮುಖದ ನೀರು ಒರೆಸಿಕೊಂಡ. ಮರಿಗಳು ಇರುವುದು ನಿನಗೆ ಹೇಗೆ ಗೊತ್ತು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಸುಮ್ಮನೆ ನನ್ನ ಕಡೆ ನೋಡಿದ. ನಾನೇ ಎಲ್ಲ ಹೇಳಿದೆ. ಏಣಿ ಹತ್ತಿದ್ದು, ಮುಟ್ಟಿದ್ದು, ಹಿಂದಿನ ವರ್ಷದ ತತ್ತಿ ನೆನಪಾಗಿದ್ದು, ಇಲ್ಲವೆಂದಿದ್ದು. ಹೇಳುತ್ತ ಹೇಳುತ್ತ ಅಳು ಬಂತು. ಬಿಳಿ ಲಂಗದಿಂದಲೇ ಮೂಗು ಒರೆಸಿಕೊಂಡೆ.

"ನಾ ನಿನ್ನ ಏಣಿ ಹತ್ತಿಸಿದ್ದು ಅದಕ್ಕ ಅಲ್ಲೇನ ತಂಗಿ?" ಎಂದ ಅಪ್ಪ, ಬಹಳ ಮೆತ್ತಗೆ. "ಮರಿ ಇದ್ವು ಅಂದ್ರ ಬಲಿ ಕಟ್ಟೂದ ಬ್ಯಾಡ, ಹಾರೂತನಕ ತಡದ್ರಾತು ಅಂತ. ಹ್ವಾದ ವರ್ಷದ ತತ್ತಿ ನಿನಗಷ್ಟ ನೆನಪೈತೇನು?"

ಅವನು ಬೈದಿದ್ದರೆ ಅಳು ನಿಲ್ಲುತ್ತಿತ್ತೋ ಏನೋ. ಸುಳ್ಳು ಹೇಳಿದ್ದಕ್ಕಿಂತ, ಅಪ್ಪ ಎಂಥವನೆಂದು ನನಗೆ ಗೊತ್ತಿರಲಿಲ್ಲವಲ್ಲ ಎಂಬುದೇ ಹೆಚ್ಚು ನೋಯಿಸಿತು.

ಹೊತ್ತು ಇಳಿಯುತ್ತಿತ್ತು. ಕತ್ತಲಾದರೆ ತಾಯಿ ಎಲ್ಲಿಯೋ ಹೋಗಿ ಕೂತುಬಿಡುತ್ತದೆ, ರೆಕ್ಕೆ ಬಾರದ ಮರಿಗಳು ಚಳಿ ತಡೆಯುವುದಿಲ್ಲ ಎಂದಳು ಆಯಿ. ಅಪ್ಪ ಮಾಳಿಗೆ ಹತ್ತಿದ. ಬೆಳಿಗ್ಗೆಯೆಲ್ಲ ಕೂತು ಬಿಗಿದಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ. ಕೆಲವು ಒದ್ದೆಯಾಗಿ ಬಿಗಿದುಕೊಂಡಿದ್ದವು, ಅವನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ. ಕೆಳಗಿನಿಂದ ಆಯಿ, "ಬಾಯಿ ಹಚ್ಚಬ್ಯಾಡಲೇ!" ಎಂದು ಕೂಗಿದಳು. ಬಲೆ ಗೋಣಿಚೀಲಕ್ಕೆ ಹೋಯಿತು. ಚೀಲ ಊರಾಚೆಯ ಹೊಲಕ್ಕೆ ಹೋಯಿತು. ಬೆಕ್ಕುಗಳೂ ಕಾಗೆಗಳೂ ಅದರ ಹಿಂದೆಯೇ ಮೆರವಣಿಗೆ ಹೋದವೆಂದು ಅಕ್ಕ ಆಮೇಲೆ ಹೇಳಿದಳು.

ಆದರೆ ತಾಯಿ ಪಾರಿವಾಳ ಬರಲಿಲ್ಲ. ದಾರಿ ತೆರೆದಿದ್ದರೂ ಮಾಳಿಗೆಯ ಅಂಚಿನ ಮೇಲೇ ನಡೆದಾಡುತ್ತಿತ್ತು. ನಾವೆಲ್ಲ ಚೌಕದಲ್ಲಿ ಕತ್ತು ಎತ್ತಿ ನಿಂತಿದ್ದೆವು. ಮರಿಗಳ ಸದ್ದು ಈಗ ಬಿಟ್ಟು ಬಿಟ್ಟು ಬರುತ್ತಿತ್ತು. ನಾನು ಎಣಿಸುತ್ತಿದ್ದೆ. ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಹತ್ತು ಎಣಿಸಿದೆ, ಆಮೇಲೆ ಹದಿನೈದು.

"ಎಲ್ಲಾರೂ ಹಿಂಗ ಗುಡ್ಡದಂಗ ನಿಂತ್ರ ಅದು ಹೆಂಗ ಇಳೀಬೇಕು? ಒಳಗ ನಡೀರಿ," ಎಂದು ಆಯಿ ನಮ್ಮನ್ನೆಲ್ಲ ಅಡುಗೆಮನೆಗೆ ಅಟ್ಟಿದಳು. ದೀಪ ಹಚ್ಚಿರಲಿಲ್ಲ. ಒಲೆಯ ಕೆಂಡದ ಬೆಳಕಿನಲ್ಲಿ ಐದೂ ಜನ ಉಸಿರು ಬಿಗಿಹಿಡಿದು ಕುಳಿತೆವು. ಅವ್ವ ಹಿಟ್ಟು ನಾದುತ್ತಿದ್ದ ಕೈಯನ್ನೂ ನಿಲ್ಲಿಸಿದ್ದಳು. ನಾನು ಮೂವತ್ತರವರೆಗೆ ಎಣಿಸಿ, ಮುಂದೆ ಎಣಿಸಲು ಹೆದರಿ ನಿಲ್ಲಿಸಿದೆ.

ಫಡಫಡ ಎಂದಿತು. ಹೊಸ ಸೀರೆಯನ್ನು ಒಮ್ಮೆ ಜಾಡಿಸಿದಂಥ ಸದ್ದು. ಮರುಗಳಿಗೆಯೇ ಮೂಲೆಯಿಂದ ಎರಡು ಮರಿಗಳೂ ಜಗಳಕ್ಕೆ ಬಿದ್ದವರ ಹಾಗೆ ಒಟ್ಟಿಗೆ ಚೀರಿದವು. ಅಪ್ಪ ಕಣ್ಣು ಮುಚ್ಚಿಕೊಂಡ. ಅವ್ವ ಮತ್ತೆ ಹಿಟ್ಟು ನಾದತೊಡಗಿದಳು. ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದಿದಳು, ಪ್ರೀತಿಯಿಂದಲೇ, ಆದರೂ ನೋವಾಗುವಷ್ಟು.

ಇಷ್ಟಾದ ಮೇಲೆ ಉಳಿದದ್ದು ಸೋಮವಾರದ ಪುರಾಣ. ಮರಿಗಳು ಹಾರಲು ಇನ್ನೂ ಹದಿನೈದು ದಿನವಾದರೂ ಬೇಕು. ಅದಕ್ಕೆ ಆಯಿಯೇ ದಾರಿ ಹುಡುಕಿದಳು. ಟ್ರಂಕಿನಿಂದ ಅಜ್ಜನ ಕಾಲದ ಕೆಂಪು ಅಂಚಿನ ದೊಡ್ಡ ಧೋತರ ತೆಗೆದಳು. ಮಡಿಕೆ ಬಿಚ್ಚುತ್ತಿದ್ದಂತೆ ಕರ್ಪೂರದ ವಾಸನೆ ಪಡಸಾಲೆಯ ತುಂಬ ಹರಡಿತು. ಮೂರನೆಯ ತೊಲೆಯ ಕೆಳಗೆ ಅದರ ನಾಲ್ಕೂ ತುದಿಗಳನ್ನು ಕಂಬ, ಗೂಟಗಳಿಗೆ ಕಟ್ಟಬೇಕು, ಮೇಲಿನಿಂದ ಬೀಳುವುದು ಅದರಲ್ಲೇ ಬೀಳಬೇಕು, ಕೆಳಗೆ ಕುಳಿತು ಪುರಾಣ ಓದುವವರ ತಲೆ ಉಳಿಯಬೇಕು. ಲಾಟೀನಿನ ಬೆಳಕಿನಲ್ಲಿ ಅಪ್ಪ ಮತ್ತು ಅಕ್ಕ ಕಟ್ಟತೊಡಗಿದರು. ಹಗ್ಗದ ತುಂಡುಗಳನ್ನು ಕೊಡುವ ಕೆಲಸ ನನ್ನದು.

ನೀವಿಬ್ಬರೂ ಈಗ ಇರುವ ಮನೆಗೆ ತೊಲೆಯೂ ಇಲ್ಲ, ಚೌಕವೂ ಇಲ್ಲ. ಬಾಲ್ಕನಿ ಇದೆ. ಹೋದ ತಿಂಗಳು ಬಲೆ ಹಾಕುವವರು ಡ್ರಿಲ್ ಮಷೀನ್ ತಂದು, ಅರ್ಧ ಗಂಟೆಯೊಳಗೆ ಕಣ್ಣಿಗೂ ಕಾಣದಂಥ ನೈಲಾನ್ ಬಲೆ ಬಿಗಿದು ಹೋದರು. ಅದಕ್ಕೆ ಯಾವ ವಾಸನೆಯೂ ಇಲ್ಲ, ಯಾವ ಬೆಕ್ಕೂ ಬರಲಿಲ್ಲ. ನೆಲ ಚೊಕ್ಕಟವಾಗಿರುತ್ತದೆ. ನನಗೂ ಅದು ಸಂತೋಷವೇ, ಆಯಿಯ ಮೊಣಕಾಲು ನೋವನ್ನು ನೋಡಿ ಬೆಳೆದವಳು ನಾನು. ಆದರೆ ಅವರು ಡ್ರಿಲ್ ಹಿಡಿಯುವ ಮೊದಲು ನಾನು ಸ್ಟೂಲು ಹಾಕಿಕೊಂಡು ಎ.ಸಿ. ಡಬ್ಬಿಯ ಹಿಂದೆ, ನೀರಿನ ಪೈಪಿನ ಸಂದಿಯಲ್ಲಿ ಕತ್ತು ಚಾಚಿ ಚಾಚಿ ನೋಡಿದಾಗ ನೀವು ನಕ್ಕಿರಿ. "ಏನ ಹುಡುಕಾಕ ಹತ್ತೀ ಅಜ್ಜಿ?" ಎಂದು ಕೇಳಿದಿರಿ. ಅವರ ಮುಂದೆ ಇಷ್ಟುದ್ದ ಹೇಳಲಾಗಲಿಲ್ಲ, ಅದಕ್ಕೇ ಈಗ ಬರೆದೆ. ನಿಮ್ಮ ಬಾಲ್ಕನಿಯಲ್ಲಿ ಅಂದು ಏನೂ ಇರಲಿಲ್ಲ. ಎರಡು ಸಲ ನೋಡಿದೆ.

ಅಂದು ಸಂಜೆ ನಮ್ಮ ಪಡಸಾಲೆಯಲ್ಲಿ ಕೊನೆಯ ಗಂಟು ಬಿಗಿಯುತ್ತಿರುವಾಗ ಬಾಜೂ ಮನೆಯ ಚಿಕ್ಕಮ್ಮ, ನಾವು ಕಾಕು ಎನ್ನುತ್ತಿದ್ದವಳು, ಬಟ್ಟಲು ಹಿಡಿದುಕೊಂಡು ಬಂದಳು. ತಲೆಯ ಮೇಲೆ ಮೇಲ್ಕಟ್ಟಿನಂತೆ ಹರಡಿದ ಧೋತರವನ್ನೂ ಅದರ ಕೆಂಪು ಅಂಚನ್ನೂ ಗದ್ದಕ್ಕೆ ಬೆರಳಿಟ್ಟು ನೋಡಿದಳು. ಮೇಲೆ ಮರಿಗಳು ಹೊಟ್ಟೆ ತುಂಬಿ ಮಲಗಿದ್ದವು, ಒಂದು ಸದ್ದೂ ಇರಲಿಲ್ಲ. ನಾವು ಐದೂ ಜನ ಒಬ್ಬರ ಮುಖ ಒಬ್ಬರು ನೋಡದೆ ನಿಂತೆವು.

"ಅಯ್ಯ, ಈ ಸಲ ಪುರಾಣಕ್ಕ ಛತ್ತ ಬ್ಯಾರೆ ಕಟ್ಟೀರೇನ್ರಿ?" ಎಂದಳು ಕಾಕು. "ಛಲೋ ಆತ್ ಬಿಡ್ರಿ. ಮನಿಗಿ ಬಂದವರಿಗೆ ಮಾನ ಹೆಂಗ ಮಾಡಬೇಕು ಅನ್ನೂದ ನಿಮ್ಮನ್ನ ನೋಡಿ ಕಲೀಬೇಕ್ರಿ. ಹಾಂ, ಒಂದೀಟ ಹೆಪ್ಪ ಕೊಡ್ರಿ."